ಆಸ್ಪತ್ರೆಯ ವಾರ್ಡಿಗೆ ಹೊರಟಿರುವ ಮಗಳಿಗೆ

ಪ್ರೀತಿಯ ಮಗಳಿಗೆ,

ಕರ್ತನ ನಾಮದಲ್ಲಿ ನಿನ್ನ ತಾಯಿಯ ಆಶೀರ್ವಾದಗಳು. ನಿನ್ನ ಪತ್ರ ತಲುಪಿತು. ಈ ರಜೆಯಲ್ಲಿ ಪ್ರಾಯೋಗಿಕ ಸೇವಾ ತರಬೇತಿಗಾಗಿ ನಿನ್ನನ್ನು ಚರ್ಚಿನ ಸಭೆಗೆ ಕಳುಹಿಸದೆ ಆಸ್ಪತ್ರೆಯ ಚಾಪ್ಲಿನ್, ಅಂದರೆ ರೋಗಿಗಳಿಗಾಗಿ ಇರುವ ಬೋಧಕರ ಕೈಕೆಳಗೆ ಹಾಕಿದ್ದಾರೆಂದೂ, ಜೊತೆಯವರು ಪ್ರತಿ ಭಾನುವಾರ ಪ್ರಸಂಗ ಮಾಡುತ್ತಿರುವಾಗ ನಿನಗೆ ಮಾತ್ರ ಪ್ರಸಂಗಪೀಠವೇ ಇರುವುದಿಲ್ಲವೆಂದೂ, ಅದಕ್ಕಿಂತ ಆ ದಿನಗಳಲ್ಲಿ ಗ್ರೀಕ್ ವ್ಯಾಕರಣವನ್ನಾದರೂ ಓದಿಕೊಳ್ಳಬಹುದಿತ್ತೆಂದೂ ಬರೆದಿರುವೆ. ನಾನು ನಿವೃತ್ತಿಯಾಗುವವರೆಗೂ ಮಿಷನ್ ಆಸ್ಪತ್ರೆಯ ವಾರ್ಡುಗಳಲ್ಲಿ ಕೆಲಸ ಮಾಡಿದವಳು. ಸಭೆಯ ಬೋಧಕರಾಗುವವರು ಓದುವ ಸೆಮಿನರಿಗಳಿಂದ ಬಂದ ಎಷ್ಟೋ ವಿದ್ಯಾರ್ಥಿಗಳು ರೋಗಿಯ ಮಂಚದ ಪಕ್ಕದಲ್ಲಿ ಹೇಗೆ ನಿಂತರು, ಹೇಗೆ ಮಾತನಾಡಿದರು, ಹೇಗೆ ಹೊರಟುಹೋದರು ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಆದುದರಿಂದ ಈ ವಿಷಯದಲ್ಲಿ ನಿನಗೆ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕೆನಿಸಿತು.

ನೀನು ಓದುತ್ತಿರುವ ಬಲ್ಮಠದ ಕಾಲೇಜಿನ ಬೇರು 1847ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಸೆಮಿನರಿಯಲ್ಲಿದೆ ಎಂಬುದು ನಿನಗೆ ಗೊತ್ತೇ ಇದೆ. ಅಲ್ಲಿ ತಯಾರಾದ ಉಪದೇಶಿಗಳು ಪಾಠದ ಕೊಠಡಿಯಲ್ಲಿ ಮಾತ್ರ ಕಲಿತವರಲ್ಲ. ಊರೂರು ತಿರುಗಿ, ಜಗಲಿಗಳಲ್ಲಿ ಕುಳಿತು, ಜನರ ಕಷ್ಟಸುಖ ಕೇಳಿ ಕಲಿತವರು. 1965ರಲ್ಲಿ ತುಮಕೂರಿನ ಸೆಮಿನರಿಯೂ ಜೊತೆಗೂಡಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಆದ ಮೇಲೆ, ಸೆರಾಂಪುರದ ಸೆನೆಟ್ಟು ಕೊಡುವ ದೇವಶಾಸ್ತ್ರದ ಪದವಿಗಾಗಿ ಓದಬೇಕಾದದ್ದು ಸಹಜವಾಗಿಯೇ ಬಹಳವಾಯಿತು. ಹೀಬ್ರೂ, ಗ್ರೀಕ್, ಸಭಾ ಚರಿತ್ರೆ ಇವೆಲ್ಲ ಬೇಕು; ಓದಿಲ್ಲದ ಬೋಧಕರು ಸಭೆಗೆ ಏನು ಮಾಡಬಲ್ಲರೆಂಬುದನ್ನು ನಾವು ಕಂಡಿದ್ದೇವೆ. ಆದರೆ ಪ್ರಾಯೋಗಿಕ ಸೇವೆಯನ್ನು ಆ ಓದಿನ ನಡುವಿನ ಬಿಡುವು ಎಂದು ತಿಳಿಯುವುದು ಸರಿಯಲ್ಲ. ಓದಿದ್ದು ಮನುಷ್ಯರ ಮುಂದೆ ನಿಲ್ಲುತ್ತದೆಯೋ ಇಲ್ಲವೋ ಎಂಬುದು ತಿಳಿಯುವುದೇ ಅಲ್ಲಿ.

ಆಸ್ಪತ್ರೆಯಲ್ಲಿ ಬೋಧಕರನ್ನು ತಯಾರು ಮಾಡುವ ಈ ಪದ್ಧತಿಗೆ ನೂರು ವರ್ಷದ ಹಿನ್ನೆಲೆಯಿದೆ. ಅಮೆರಿಕದ ಆಂಟನ್ ಬಾಯ್ಸನ್ ಎಂಬ ಬೋಧಕರು ತಾವೇ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ ಹೊರಬಂದವರು. ಅನಂತರ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಚಾಪ್ಲಿನ್ ಆಗಿ, 1925ರ ಬೇಸಿಗೆಯಲ್ಲಿ ದೇವಶಾಸ್ತ್ರದ ಕೆಲವು ವಿದ್ಯಾರ್ಥಿಗಳನ್ನು ಕರೆಸಿಕೊಂಡು, ಅವರಿಂದ ಮೊದಲು ವಾರ್ಡಿನ ಸೇವಕರ ಕೆಲಸವನ್ನೇ ಮಾಡಿಸಿದರು. ಪುಸ್ತಕಗಳನ್ನು ಓದುವಷ್ಟೇ ಶ್ರದ್ಧೆಯಿಂದ ಬದುಕಿರುವ ಮನುಷ್ಯರನ್ನೂ ಓದಬೇಕೆಂಬುದು ಅವರ ಆಗ್ರಹವಾಗಿತ್ತು. ಅದೇ ವರ್ಷ ಬಾಸ್ಟನ್ನಿನ ವೈದ್ಯ ರಿಚರ್ಡ್ ಕ್ಯಾಬಟ್ ಅವರು, ವೈದ್ಯ ವಿದ್ಯಾರ್ಥಿಗಳಂತೆ ದೇವಶಾಸ್ತ್ರದ ವಿದ್ಯಾರ್ಥಿಗಳಿಗೂ ರೋಗಿಗಳ ನಡುವೆ ಒಂದು ವರ್ಷದ ತರಬೇತಿ ಬೇಕೆಂದು ವಾದಿಸಿದರು. ಬೊಂಬೆಯ ಮೇಲೆ ಇಂಜೆಕ್ಷನ್ ಕಲಿತ ಹುಡುಗಿಯನ್ನು ನಾವು ಒಂಟಿಯಾಗಿ ರೋಗಿಯ ಬಳಿಗೆ ಕಳುಹಿಸುತ್ತಿರಲಿಲ್ಲ. ಹಾಗಿರುವಾಗ ಸಾವಿನ ಮನೆಗೆ ಹೋಗಬೇಕಾದ ಬೋಧಕರನ್ನು ಬರಿಯ ಪರೀಕ್ಷೆಯ ಅಂಕಗಳ ಬಲದಿಂದ ಹೇಗೆ ಕಳುಹಿಸುವುದು? ಇಂದು ನಮ್ಮ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿಯೂ (ಸಿಎಂಸಿ) ಈ ಕ್ಲಿನಿಕಲ್ ಪಾಸ್ಟರಲ್ ಎಜುಕೇಶನ್ ನಡೆಯುತ್ತದೆ.

ಈಗ ವಾರ್ಡಿನ ಮಾತಿಗೆ ಬರುತ್ತೇನೆ. ಒಳಗೆ ಹೋದೊಡನೆ ರೋಗಿಯ ಬಳಿಗೆ ನಡೆಯಬೇಡ. ಮೊದಲು ಡ್ಯೂಟಿಯಲ್ಲಿರುವ ಸಿಸ್ಟರ್ ಅವರನ್ನು ಕೇಳು. ಯಾರಿಗೆ ಡ್ರೆಸ್ಸಿಂಗ್ ನಡೆಯಬೇಕಾಗಿದೆ, ಯಾರು ರಾತ್ರಿಯೆಲ್ಲ ನಿದ್ರೆಯಿಲ್ಲದೆ ಈಗ ತಾನೇ ಕಣ್ಣು ಮುಚ್ಚಿದ್ದಾರೆ, ಯಾರಿಗೆ ತಮ್ಮ ಕಾಯಿಲೆಯ ಹೆಸರು ಇನ್ನೂ ತಿಳಿದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಡಾಕ್ಟರ ರೌಂಡ್ಸ್ ಸಮಯದಲ್ಲಿ ಪಕ್ಕಕ್ಕೆ ಸರಿದು ನಿಲ್ಲು. ಮಂಚದ ಮೇಲೆ ಕುಳಿತುಕೊಳ್ಳಬೇಡ, ಸ್ಟೂಲ್ ಎಳೆದುಕೊಂಡು ರೋಗಿಯ ಕಣ್ಣಿನ ಮಟ್ಟಕ್ಕೆ ಕುಳಿತುಕೋ. ನಿಂತವರನ್ನು ನೋಡಲು ಮಲಗಿದವರು ಕತ್ತು ಎತ್ತಬೇಕಾಗುತ್ತದೆ, ನಿಂತವರು ಹೊರಡುವ ಆತುರದಲ್ಲಿದ್ದಾರೆಂದೂ ಅವರಿಗೆ ಅನಿಸುತ್ತದೆ. ಪ್ರಾರ್ಥನೆ ಮಾಡಲೇ ಎಂದು ಕೇಳು, ಬೇಡವೆಂದರೆ ಬೇಸರ ಮಾಡಿಕೊಳ್ಳದೆ ಮತ್ತೆ ಸ್ವಲ್ಪ ಹೊತ್ತು ಕುಳಿತಿರು. ಮಿಷನ್ ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ಬೇರೆ ಬೇರೆ ಧರ್ಮಗಳವರು. ನೋವಿನಿಂದ ಬಲಹೀನರಾಗಿ ಮಲಗಿದವರ ಮೇಲೆ ನಮ್ಮ ನಂಬಿಕೆಯನ್ನು ಹೇರುವುದು ಯೇಸುಸ್ವಾಮಿಯ ರೀತಿಯಲ್ಲ ಎಂಬುದನ್ನು ನಾನು ಬಹಳ ಗಟ್ಟಿಯಾಗಿ ನಂಬಿದ್ದೇನೆ. ಖಂಡಿತ ಗುಣವಾಗುತ್ತದೆ ಎಂಬ ಮಾತನ್ನೂ ಎಂದೂ ಕೊಡಬೇಡ. ಆ ಮಾತು ಸುಳ್ಳಾದ ದಿನ ಆ ಮನೆಯವರು ದೇವರನ್ನೇ ದೂರುತ್ತಾರೆ.

ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಪುರುಷರ ವಾರ್ಡಿನಲ್ಲಿ ಕಾಲಿನ ಗ್ಯಾಂಗ್ರೀನ್ ಆಗಿ ಮಲಗಿದ್ದ ರೈತನೊಬ್ಬನ ಬಳಿ ಒಬ್ಬ ಸೆಮಿನರಿ ವಿದ್ಯಾರ್ಥಿ ಕುಳಿತಿದ್ದ. ನಾನು ಪಕ್ಕದ ಮಂಚದ ಡ್ರಿಪ್ ಬದಲಿಸುತ್ತಿದ್ದೆ. ಆ ಅಜ್ಜ, "ಕಾಲು ತಗದ್ರ ಹೊಲಾ ಯಾರ್ ನೋಡ್ತಾರೋ ಏನೋ" ಎಂದ. ಹುಡುಗ ಕೂಡಲೇ, "ದೇವರು ನೋಡಿಕೊಳ್ಳುತ್ತಾನೆ ಅಜ್ಜಾ, ಚಿಂತೆ ಮಾಡಬೇಡಿ" ಎಂದ. ಅಜ್ಜ "ಹೂಂ" ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದ. ಹುಡುಗ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಮಾತು ಅಲ್ಲಿಗೇ ನಿಂತುಹೋಯಿತು. ಎಷ್ಟು ಎಕರೆ, ಮಕ್ಕಳಿದ್ದಾರೆಯೇ, ಈ ಸಲ ಏನು ಬಿತ್ತಿದ್ದಿರಿ ಎಂದು ಕೇಳಿದ್ದರೆ ಆ ಮನುಷ್ಯ ತನ್ನ ಭಯವನ್ನೆಲ್ಲ ಹೇಳಿಕೊಳ್ಳುತ್ತಿದ್ದನೇನೋ. ಅಂದು ಸಂಜೆ ಚಾಪ್ಲಿನ್ ಆ ಹುಡುಗನಿಂದ ನಡೆದ ಸಂಭಾಷಣೆಯನ್ನು ಬರೆಯಿಸಿ, ಆ ಒಂದು ಸಾಲಿನ ಕೆಳಗೆ ಗೆರೆ ಎಳೆದು, "ಇಲ್ಲಿ ಹೆದರಿದವರು ಯಾರು, ಅಜ್ಜನೋ ನೀನೋ?" ಎಂದು ಕೇಳಿದರಂತೆ. ಮರುದಿನ ಅವನು ಮತ್ತೆ ಬಂದು ಅದೇ ಸ್ಟೂಲಿನ ಮೇಲೆ ಕುಳಿತು, ಮುಂಗಾರಿನ ವಿಷಯದಿಂದ ಮಾತು ತೆಗೆದದ್ದನ್ನೂ, ಅಜ್ಜ ಬಹಳ ಹೊತ್ತು ಮಾತನಾಡಿದ್ದನ್ನೂ ನಾನು ನೋಡಿದೆ.

ನೀವು ವರ್ಬೇಟಿಮ್ ಎಂದು ಕರೆಯುವ ಆ ಬರವಣಿಗೆಯೇ ಈ ತರಬೇತಿಯ ಜೀವ ಎಂದು ನನ್ನ ಅಭಿಪ್ರಾಯ. ಮಂಚದ ಬಳಿ ನೋಟ್‌ಬುಕ್ ತೆಗೆಯಬೇಡ. ಅದೇ ಸಂಜೆ ಕುಳಿತು, ಅವರು ಹೇಳಿದ್ದು, ನೀನು ಹೇಳಿದ್ದು, ನಡುವಿನ ಮೌನ, ಆಗ ನಿನ್ನ ಮನಸ್ಸಿನಲ್ಲಿ ಹಾದುಹೋದದ್ದು, ಎಲ್ಲವನ್ನೂ ನೆನಪಿನಿಂದ ಬರೆ. ರೋಗಿಯ ಹೆಸರನ್ನೂ ಊರನ್ನೂ ಬದಲಿಸು. ನಿನ್ನ ಮಾತನ್ನು ತಿದ್ದಿ ಚೆನ್ನಾಗಿ ಕಾಣುವಂತೆ ಬರೆದರೆ ಮೇಲ್ವಿಚಾರಕರಿಗೆ ಕಲಿಸಲು ಏನೂ ಉಳಿಯುವುದಿಲ್ಲ. ಇದು ಹೊಸದೂ ಅಲ್ಲ. ಯೇಸು ಹನ್ನೆರಡು ಮಂದಿಯನ್ನು ಇಬ್ಬಿಬ್ಬರಾಗಿ ಕಳುಹಿಸಿದ ಮೇಲೆ ಅವರು ಹಿಂತಿರುಗಿ ಬಂದು ತಾವು ಮಾಡಿದ್ದನ್ನೂ ಬೋಧಿಸಿದ್ದನ್ನೂ ಆತನಿಗೆ ತಿಳಿಸಿದರೆಂದೂ, ಆತನು ಅವರನ್ನು ಏಕಾಂತಕ್ಕೆ ಕರೆದು ಸ್ವಲ್ಪ ದಣಿವಾರಿಸಿಕೊಳ್ಳಿರಿ ಎಂದನೆಂದೂ ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿದೆ. ಕಳುಹಿಸುವುದು, ವರದಿ ಕೇಳುವುದು, ವಿಶ್ರಾಂತಿ ಕೊಡುವುದು, ಮೂರೂ ಒಬ್ಬ ಗುರುವಿನ ಕೆಲಸವೇ. ಬೈಬಲಿನಲ್ಲಿ ಸಂಕಟಕ್ಕೊಳಗಾದ ಯೋಬನನ್ನು ನೋಡಲು ಬಂದ ಸ್ನೇಹಿತರು ಸಹ ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನೊಂದಿಗೆ ನೆಲದ ಮೇಲೆ ಕುಳಿತಿದ್ದಾಗ ಸರಿಯಾಗಿಯೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟಿತು.

ಮುಂದಿನ ವರ್ಷ ನಿನ್ನನ್ನು ಸಭೆಗೆ ಹಾಕಿದಾಗ ಒಂದು ವಿಷಯದಲ್ಲಿ ಗಟ್ಟಿಯಾಗಿರು. ಕೆಲವು ಕಡೆ ವಿದ್ಯಾರ್ಥಿಗಳನ್ನು ಜೆರಾಕ್ಸ್ ಮಾಡಿಸುವುದಕ್ಕೂ ಕುರ್ಚಿ ಹಾಕುವುದಕ್ಕೂ ಬಳಸಿಕೊಂಡು, ಕೊನೆಯಲ್ಲಿ ಒಳ್ಳೆಯ ವರದಿ ಬರೆದುಕೊಡುತ್ತಾರೆ, ಅದು ತರಬೇತಿಯಲ್ಲ. ವಿದ್ಯಾರ್ಥಿನಿಯರಿಗಂತೂ ಸಂಡೇ ಸ್ಕೂಲ್ ಮತ್ತು ಸ್ತ್ರೀಯರ ಕೂಟ ಸಾಕೆಂಬ ಅಭ್ಯಾಸ ಇನ್ನೂ ಹೋಗಿಲ್ಲ. ಮಕ್ಕಳಿಗೆ ಕಲಿಸುವುದು ದೊಡ್ಡ ಕೆಲಸವೇ, ಆದರೆ ಅದೊಂದೇ ಸಾಲದು. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಸ್ತ್ರೀಯರಿಗೆ ಗುರುದೀಕ್ಷೆ ಸಿಗುತ್ತ ಬಂದು ದಶಕಗಳೇ ಕಳೆದಿವೆ, 2013ರಲ್ಲಿ ನಂದ್ಯಾಲ ಧರ್ಮಪ್ರಾಂತ್ಯಕ್ಕೆ ಎಗ್ಗೋಣಿ ಪುಷ್ಪಲಲಿತಾ ಅವರು ಬಿಷಪ್ ಆದರು. ಶವಸಂಸ್ಕಾರದ ಆರಾಧನೆಗೂ, ಲೆಕ್ಕಪತ್ರದ ಕಮಿಟಿಗೂ, ಜಗಳವಾಡಿದ ಎರಡು ಕುಟುಂಬಗಳ ಮನೆಭೇಟಿಗೂ ನನ್ನನ್ನು ಕರೆದೊಯ್ಯಿರಿ ಎಂದು ಸಭೆಯ ಬೋಧಕರಾದ ಅಯ್ಯನವರನ್ನು ವಿನಯದಿಂದಲೇ ಕೇಳು. ಒಮ್ಮೆ ಕೇಳಿ ಸುಮ್ಮನಾಗಬೇಡ.

ಹೊರಡುವ ಮೊದಲು ಮಾಡಬೇಕಾದದ್ದು ಇಷ್ಟು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ನಿನಗೆ ಆಗಿದೆಯೇ ಎಂದು ಕಾರ್ಡ್ ನೋಡು; ಆಗಿರದಿದ್ದರೆ ಮೊದಲನೆಯದನ್ನು ಈ ವಾರವೇ ಹಾಕಿಸಿಕೊಂಡು, ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು ಎಂದು ಬರೆದಿಟ್ಟುಕೋ. ಬೆರಳು ಮುಚ್ಚುವ ಚಪ್ಪಲಿ ಅಥವಾ ಶೂ ತೆಗೆದುಕೋ. ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವಾಗ ಕೈ ತೊಳೆ, ನೆಗಡಿಯಿದ್ದ ದಿನ ವಾರ್ಡಿಗೆ ಹೋಗಲೇಬೇಡ. ಶಸ್ತ್ರಚಿಕಿತ್ಸೆಗೆ ಹೊರಟವರಿಗೆ ಅವರು ಎಷ್ಟು ಬೇಡಿಕೊಂಡರೂ ಒಂದು ಗುಟುಕು ನೀರನ್ನೂ ಸಿಸ್ಟರ್ ಅವರನ್ನು ಕೇಳದೆ ಕೊಡಬೇಡ. ಮೊದಲ ವಾರ ಕಳೆದ ಮೇಲೆ, ರೋಗಿಗಳ ವಿಷಯ ಬೇಡ, ನಿನ್ನ ಮನಸ್ಸು ಹೇಗಿದೆಯೆಂಬುದನ್ನು ಮಾತ್ರ ನನಗೆ ಬರೆ.

ಇತಿ,
ನಿನ್ನ ಅಮ್ಮ