ಶಾಫ್ಟ್ ಗಾಡಿಯ ಸ್ವಿಂಗ್‌ಆರ್ಮ್ ಬೇರಿಂಗ್ ಮರೆಯಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರವಾದಾಗ ಬೈಕ್ ಆರೈಕೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸಲಹೆಗಳು ಚೈನು, ಬ್ರೇಕು, ಟಯರಿಗೇ ಮುಗಿದುಹೋಗುತ್ತವೆ. ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮ್ ಬೇರಿಂಗಿನ ಸುದ್ದಿಯೇ ಇರುವುದಿಲ್ಲ. ಚೈನಿಲ್ಲದ ಶಾಫ್ಟ್ ಗಾಡಿ (ಚೈನಿನ ಬದಲು ತಿರುಗುವ ಉಕ್ಕಿನ ದಂಡ ಹಿಂಚಕ್ರ ಓಡಿಸುವ ಗಾಡಿ) ಇಟ್ಟುಕೊಂಡವರಂತೂ ಹಿಂದುಗಡೆ ನೋಡುವುದೇನೂ ಇಲ್ಲ ಎಂದೇ ನಂಬಿರುತ್ತಾರೆ. 1970ರ ದಶಕದ, ಎರಡು ಶಾಕ್ ಅಬ್ಸಾರ್ಬರಿನ ಬಿಎಂಡಬ್ಲ್ಯು ಬಾಕ್ಸರ್ ಗಾಡಿಗಳನ್ನು (ಎಂಜಿನ್ನಿನ ಎರಡು ಸಿಲಿಂಡರ್ ಎಡಬಲಕ್ಕೆ ಚಾಚಿರುವವು; ಆರ್75/5, ಆರ್90/6, ಆರ್100/7 ಮುಂತಾದವು) ಮನೆಯಲ್ಲೇ ಬಿಚ್ಚುವವರಿಗಾಗಿ ಈ ಪತ್ರ.

ನಮ್ಮ ಕಡೆಯವರ ಕೈ ಪಳಗಿರುವುದು ಬುಲೆಟ್, ಯೆಜ್ಡಿಗಳ ಬುಶ್ (ರೋಲರ್ ಇಲ್ಲದ ಸಾದಾ ಕೊಳವೆ) ಮೇಲೆ. ಅಲ್ಲಿ ಪಿವಟ್ (ಸ್ವಿಂಗ್‌ಆರ್ಮ್ ಆಡುವ ಕೀಲು) ಬೋಲ್ಟನ್ನು ಗಟ್ಟಿಯಾಗಿ ಬಿಗಿದರೆ ಕೆಲಸ ಮುಗಿಯಿತು. ಈ ಬಿಎಂಡಬ್ಲ್ಯುಗಳಲ್ಲಿ ಎರಡೂ ಬದಿಗೆ ಟೇಪರ್ ರೋಲರ್ ಬೇರಿಂಗ್ (ಓರೆಯಾಗಿ ಕೂರುವ ಉರುಳೆಗಳ ಬೇರಿಂಗ್) ಇದೆ. ಫ್ರೇಮಿನ ಎಡಬಲದಿಂದ ತಿರುಗಿಸಿ ಹಾಕಿದ ಎರಡು ಪಿನ್ನುಗಳೇ ಅದನ್ನು ಒತ್ತಿ ಹಿಡಿಯುತ್ತವೆ. ಬುಶ್ಶಿನ ಅಭ್ಯಾಸಬಲದಿಂದ ಇದನ್ನೂ ಬಿಗಿದರೆ ರೋಲರ್‌ಗಳು ರೇಸಿನ (ಅವು ಉರುಳುವ ಉಕ್ಕಿನ ಬಳೆ) ಮೇಲೆ ಗೆರೆ ಕೊರೆಯುತ್ತವೆ. ಸ್ವಿಂಗ್‌ಆರ್ಮ್ ಆಡುವುದೇ ಕೆಲವು ಡಿಗ್ರಿ ಮಾತ್ರ. ರೋಲರ್ ಪೂರ್ತಿ ಸುತ್ತು ಹಾಕುವುದಿಲ್ಲ, ಪಕ್ಕಕ್ಕೆ ಸರಿದ ಗ್ರೀಸು ಮರಳಿ ಬರುವುದಿಲ್ಲ, ಪೆಟ್ಟೆಲ್ಲ ಅದೇ ಜಾಗಕ್ಕೆ ಬೀಳುತ್ತದೆ. ಹಳೆಯ ರೇಸನ್ನು ಬೆಳಕಿಗೆ ಹಿಡಿದರೆ ಬಾಚಣಿಗೆ ಒತ್ತಿದ ಹಾಗೆ ಸಾಲುಸಾಲು ಗುಳಿ ಕಾಣುತ್ತದೆ.

ಪರೀಕ್ಷೆ ಸುಲಭ. ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಫ್ರೇಮ್ ಹಿಡಿಯಲಿ, ಇನ್ನೊಬ್ಬರು ಆರ್ಮ್‌ನ ಹಿಂತುದಿ ಹಿಡಿದು ಅಡ್ಡಡ್ಡ ಅಲುಗಿಸಲಿ. ಚಕ್ರವನ್ನು ಹಿಡಿದು ಅಲುಗಿಸಬಾರದು, ವೀಲ್ ಬೇರಿಂಗಿನ ಸಡಿಲ ದಾರಿ ತಪ್ಪಿಸುತ್ತದೆ. ಕೈಗೆ ‘ಟಕ್’ ಎಂದರೆ ಬಿಚ್ಚಲೇಬೇಕು. ತಿರುವಿನಲ್ಲಿ ಗಾಡಿಯ ಹಿಂಭಾಗ ಬೇರೆ ದಾರಿ ಹಿಡಿದಂತೆ ತೇಲುವುದಕ್ಕೂ ಇದು ಕಾರಣವಿರಬಹುದು.

ಬಿಚ್ಚುವಾಗ ಕ್ರಮ ಮುಖ್ಯ. ಚಕ್ರ ತೆಗೆಯುವ ಮೊದಲೇ ಗೇರ್‌ಬಾಕ್ಸ್ ಹಿಂದಿನ ರಬ್ಬರ್ ಬೂಟ್ ಸರಿಸಿ, ಶಾಫ್ಟಿನ ನಾಲ್ಕು ಬೋಲ್ಟ್ ಸಡಿಲಿಸಿಕೊಳ್ಳಿ. ಯಾರಾದರೂ ಹಿಂಬ್ರೇಕ್ ಒತ್ತಿ ಹಿಡಿದರೆ ಶಾಫ್ಟ್ ತಿರುಗದೆ ನಿಲ್ಲುತ್ತದೆ. ಚಕ್ರ ತೆಗೆದ ಮೇಲೆ ಆ ಅನುಕೂಲವಿಲ್ಲ. ಶಾಫ್ಟ್ ತಿರುಗುವುದು ಆರ್ಮ್‌ನೊಳಗೇ; ಅಲ್ಲಿನ ಎಣ್ಣೆಯನ್ನೂ ಮೊದಲೇ ಬಸಿಯಿರಿ. ಪಿನ್ ತಿರುಗದಂತೆ ಹಿಡಿಯುವ 27 ಎಂಎಂ ಲಾಕ್‌ನಟ್ ಫ್ರೇಮಿನ ಗುಳಿಯೊಳಗೆ ಕೂತಿರುವುದರಿಂದ ಮಾಮೂಲಿ ಸಾಕೆಟ್ ಒಳಗೆ ಹೋಗುವುದಿಲ್ಲ. ಒಂದು ಸಾಕೆಟ್ಟಿನ ಹೊರಮೈಯನ್ನು ಲೇತ್ ಅಂಗಡಿಯಲ್ಲಿ ತೆಳ್ಳಗೆ ಮಾಡಿಸಿಕೊಳ್ಳಬೇಕು. ಉಳಿ, ಸುತ್ತಿಗೆಯಿಂದ ನಟ್ ಹೊಡೆದು ಫ್ರೇಮಿನ ಅಂಚು ಹಾಳು ಮಾಡಿದ ಗಾಡಿಗಳನ್ನು ಕಂಡರೆ ಸಂಕಟವಾಗುತ್ತದೆ.

ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಗುಳಿ ಇಲ್ಲದಿದ್ದರೆ ವೀಲ್ ಬೇರಿಂಗ್ ಗ್ರೀಸನ್ನು ಅಂಗೈಯಲ್ಲಿಟ್ಟು, ಬೇರಿಂಗಿನ ಅಗಲವಾದ ಬದಿಯನ್ನು ಅದಕ್ಕೆ ಒತ್ತಿ ಒತ್ತಿ, ಆಚೆ ಬದಿಯಿಂದ ಗ್ರೀಸು ಹೊರಬರುವವರೆಗೆ ತುಂಬಿ. ಗುಳಿ ಇದ್ದರೆ ರೇಸ್, ರೋಲರ್ ಎರಡನ್ನೂ ಜೊತೆಯಾಗಿಯೇ ಬದಲಿಸಿ. ರೇಸಿನ ಹಿಂದೆ ಕೈ ಹಾಕಲು ಜಾಗವಿಲ್ಲ. ರೇಸಿನ ಒಳಮೈಯ ಸುತ್ತಲೂ ವೆಲ್ಡಿಂಗಿನಲ್ಲಿ ಒಂದು ಗೆರೆ ಎಳೆಸಿದರೆ, ತಣಿಯುವಾಗ ರೇಸ್ ಕುಗ್ಗಿ ತಾನಾಗಿ ಸಡಿಲವಾಗುತ್ತದೆ. ವೆಲ್ಡಿಂಗಿಗೆ ಮುನ್ನ ಎಣ್ಣೆ ಪೂರ್ತಿ ಒರೆಸಿ, ಅರ್ಥಿಂಗ್ ಕ್ಲಿಪ್ಪನ್ನು ಅದೇ ತುದಿಗೆ ಹಾಕಿಸಿ. ಹೊಸ ರೇಸನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಆರ್ಮ್ ಬಿಸಿ ಮಾಡಿ ಕೂರಿಸಿದರೆ ಹೆಚ್ಚು ಬಡಿಯಬೇಕಾಗಿಲ್ಲ.

ಇನ್ನು ಬಿಗಿಯುವ ಲೆಕ್ಕ. ಆರ್ಮ್ ಮತ್ತು ಫ್ರೇಮಿನ ನಡುವಿನ ಸಂದು ಎಡಕ್ಕೂ ಬಲಕ್ಕೂ ಒಂದೇ ಇರಬೇಕು. ಡ್ರಿಲ್ ಬಿಟ್‌ಗಳನ್ನು ತೂರಿಸಿ ನೋಡಿದರೂ ಗೊತ್ತಾಗುತ್ತದೆ. ಸಂದು ಸಮವಾದ ಮೇಲೆ ಒಂದು ಬದಿಯನ್ನು ಲಾಕ್ ಮಾಡಿ. ಇನ್ನೊಂದು ಬದಿಯ ಪಿನ್ನನ್ನು 20 ನ್ಯೂಟನ್ ಮೀಟರಿಗೆ (ತಿರುಚುವ ಬಲದ ಅಳತೆ) ಬಿಗಿದು ರೋಲರ್‌ಗಳನ್ನು ಕೂರಿಸಿ, ಸಡಿಲಿಸಿ, ಮತ್ತೆ 10ಕ್ಕೆ ಮಾತ್ರ ಬಿಗಿಯಿರಿ. ಆ ಬಲ ಅಳೆಯುವ ಸಣ್ಣ ಟಾರ್ಕ್ ರೆಂಚ್ ಇಲ್ಲದಿದ್ದರೆ 20 ಸೆಂ.ಮೀ. ಉದ್ದದ ಹಿಡಿಯ ತುದಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಹಿಡಿಗೆ ಅಡ್ಡವಾಗಿ ಎಳೆಯಿರಿ: 10 ಕೆ.ಜಿ. ತೋರಿಸಿದರೆ 20, 5 ಕೆ.ಜಿ. ತೋರಿಸಿದರೆ 10. ಲಾಕ್‌ನಟ್‌ಗೆ 100 ನ್ಯೂಟನ್ ಮೀಟರ್. ನಟ್ ಬಿಗಿಯುವಾಗ ಪಿನ್ನೂ ಜೊತೆಗೆ ತಿರುಗುವ ಚಾಳಿಯಿದೆ. ಪಿನ್ನಿಗೂ ಫ್ರೇಮಿಗೂ ಬಣ್ಣದ ಗುರುತು ಹಾಕಿಕೊಂಡಿದ್ದರೆ ತಕ್ಷಣ ತಿಳಿಯುತ್ತದೆ. ಆಮೇಲೆ ಆರ್ಮನ್ನು ಎತ್ತಿ ಇಳಿಸಿ ನೋಡಿ. ಎಲ್ಲೂ ಕಚ್ಚದೆ, ಅಡ್ಡ ಅಲುಗದೆ ನಯವಾಗಿ ಇಳಿಯಬೇಕು.

ಶಾಫ್ಟಿನ ನಾಲ್ಕು ಬೋಲ್ಟ್ ಹೊಸದಾಗಿರಲಿ. ಎಳೆಗಳಲ್ಲಿ ಎಣ್ಣೆ ಇರಬಾರದು, ಬಿಗಿತ 40 ನ್ಯೂಟನ್ ಮೀಟರ್. ಉದ್ದದ ಬೋಲ್ಟನ್ನು ವಾಷರ್ ಇಲ್ಲದೆ ಹಾಕಿದರೆ ತುದಿ ಗೇರ್‌ಬಾಕ್ಸಿಗೆ ತಾಗುತ್ತದೆ. ಗಿಡ್ಡ ಬೋಲ್ಟಿಗೆ ವಾಷರ್ ಹಾಕಿದರೆ ಎಳೆ ಹಿಡಿತ ಸಾಲದು. ಬಿಚ್ಚುವಾಗ ಯಾವುದಿತ್ತೆಂದು ನೋಡಿಟ್ಟುಕೊಳ್ಳಿ. ಆರ್ಮ್‌ಗೆ ಸುಮಾರು 150 ಮಿ.ಲೀ. ಗೇರ್ ಆಯಿಲ್ ಹಾಕಲು ಮರೆತರೆ ಶಾಫ್ಟಿನ ಹಿಂತುದಿಯ ಹಲ್ಲುಗಳು ಒಣಗಿ ಸವೆಯುತ್ತವೆ.

ವಾಟರ್ ಸರ್ವಿಸ್ ಅಂಗಡಿಯವರಲ್ಲಿ ಒಂದು ಕೋರಿಕೆ: ಪ್ರೆಶರ್ ನೀರಿನ ನಳಿಕೆಯನ್ನು ಪಿವಟ್ಟಿನ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಹಿಡಿಯಬೇಡಿ. ಒಳಗೆ ಹೋದ ನೀರಿಗೆ ಹೊರಬರುವ ದಾರಿಯಿಲ್ಲ. ನಿಮ್ಮ ವಾಹನ ಪುಟದ ಮುಂದಿನ ಮಳೆಗಾಲದ ಪಟ್ಟಿಯಲ್ಲಿ ಈ ಬೇರಿಂಗಿಗೂ ಒಂದು ಸಾಲು ಕೊಡಿ.

– ಓದುಗ, ಮೈಸೂರು