ಕ್ಯಾಂಟನ್ನಿನ ಬಾಗಿಲು, ಪಾಟ್ನಾದ ಬಾಗಿಲು

ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಅಫೀಮು ಯುದ್ಧದ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿದೆ, ಆದರೆ ಒಂದು ತಕರಾರಿದೆ. ಚೀನಾದ ದೊರೆಗಳು ಜಂಬದಿಂದ ಬಾಗಿಲು ಹಾಕಿಕೊಂಡು ಕೂತಿದ್ದರು, ಬ್ರಿಟಿಷರು ಮುಕ್ತ ವ್ಯಾಪಾರ ಕೇಳಿದರು, ಅದಕ್ಕೇ ಜಗಳ ಹತ್ತಿತು ಅನ್ನುವ ಹಾಗಿದೆ ಬರಹ. ನಾನು ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರ, ಇತಿಹಾಸದ ಮೇಷ್ಟ್ರಲ್ಲ. ಆದರೆ ಒಂದೇ ಬಾಗಿಲಿನ ವ್ಯಾಪಾರ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆದಿದ್ದನ್ನೆಲ್ಲ ಪೂಲಿಗೆ, ಅಂದರೆ ಕಾಫಿ ಬೋರ್ಡೇ ಒಟ್ಟು ಮಾಡಿ ಮಾರುವ ದಾಸ್ತಾನಿಗೆ, ಹಾಕಬೇಕಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ನಮ್ಮಪ್ಪ ಪೂಲನ್ನು ಬೈಯದ ದಿನ ಇರಲಿಲ್ಲ, ರೇಟು ಬಿದ್ದ ವರ್ಷ ಅದನ್ನೇ ನೆಚ್ಚಿಕೊಂಡು ಕೂರುತ್ತಿದ್ದರು. 1996ರ ಹೊತ್ತಿಗೆ ಅದು ಪೂರಾ ಹೋಯಿತು. ಬೈಯುವುದಕ್ಕೆ ಬೇರೆಯವರು ಸಿಕ್ಕರು, ಆ ಮಾತು ಬಿಡಿ.

1757ರಲ್ಲಿ ಚಿಯನ್‌ಲಾಂಗ್ ಚಕ್ರವರ್ತಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಪಾಶ್ಚಾತ್ಯ ಹಡಗುಗಳಿಗೆ ಕ್ಯಾಂಟನ್, ಅಂದರೆ ಈಗಿನ ಗುವಾಂಗ್‌ಝೌ, ಅದೊಂದೇ ಬಂದರು. ವ್ಯಾಪಾರವೆಲ್ಲ ಹಾಂಗ್ ಅನ್ನುವ ಪರವಾನಗಿದಾರ ವರ್ತಕರ ಮೂಲಕವೇ ಆಗಬೇಕು. ಬಿಳಿಯರು ಊರ ಗೋಡೆಯ ಹೊರಗೆ, ನದಿ ದಡದ ಕೋಠಿಗಳಲ್ಲಿ ಇರಬೇಕು. ಹೆಂಡತಿ ಮಕ್ಕಳನ್ನು ಕರೆತರುವ ಹಾಗಿಲ್ಲ, ವ್ಯಾಪಾರದ ಸೀಸನ್ ಮುಗಿದ ಮೇಲೆ ಪೋರ್ಚುಗೀಸರ ಕೈಲಿದ್ದ ಮಕಾವ್‌ಗೆ ಹೊರಡಬೇಕು. ಬಿಳಿಯನೊಬ್ಬ ಸಾಲ ಮಾಡಿದರೆ, ಗಲಾಟೆ ಮಾಡಿದರೆ ಹಾಂಗ್ ವರ್ತಕನೇ ಸರ್ಕಾರಕ್ಕೆ ಉತ್ತರ ಹೇಳಬೇಕು. ಈ ಭಾರ ತಾಳಲಾರದೆ ದಿವಾಳಿ ಎದ್ದ ಹಾಂಗ್ ಮನೆಗಳೂ ಇದ್ದವು.

ಕಿರಿಕಿರಿ ಇತ್ತು, ಇಲ್ಲ ಅನ್ನುವುದಿಲ್ಲ. 1793ರಲ್ಲಿ ಬ್ರಿಟನ್ನಿನ ರಾಯಭಾರಿ ಮೆಕಾರ್ಟ್ನಿ ಬಂದಾಗ ಚಕ್ರವರ್ತಿಗೆ ಅಡ್ಡಬೀಳಬೇಕೋ ಬೇಡವೋ ಅಂತಲೇ ದಿನಗಟ್ಟಲೆ ಎಳೆದಾಟ. ಕೊನೆಗೆ ಒಂದು ಮಂಡಿಯೂರಿದರು, ಕೇಳಿದ್ದು ಒಂದೂ ಸಿಗಲಿಲ್ಲ. 1834ರಲ್ಲಿ ಬ್ರಿಟನ್ ಕಳಿಸಿದ ವ್ಯಾಪಾರ ಮೇಲ್ವಿಚಾರಕ ನೇಪಿಯರ್ ಅನ್ನುವವರು ಅಪ್ಪಣೆ ಇಲ್ಲದೆ ಕ್ಯಾಂಟನ್ನಿಗೆ ಬಂದು ಸೀದಾ ಅಲ್ಲಿನ ಚೀನೀ ಗವರ್ನರ್ ಜನರಲ್ಲಿಗೇ ಪತ್ರ ಕೊಡಲು ಹೋದರು. ಹಾಂಗ್ ವರ್ತಕರ ಕೈಲಿ ಬಂದಿಲ್ಲ, ಅರ್ಜಿಯ ನಮೂನೆಯಲ್ಲೂ ಇಲ್ಲ ಅಂತ ಪತ್ರ ತೆಗೆದುಕೊಳ್ಳಲೇ ಇಲ್ಲ. ಅರ್ಜಿ ಹಿಡಿದು ಕಚೇರಿ ಸುತ್ತಿದವರಿಗೆ ಇದನ್ನು ಓದಿದರೆ ನಗು ಬರುತ್ತದೆ, ಆದರೆ ನೇಪಿಯರ್ ಅದೇ ವರ್ಷ ಮಕಾವ್‌ನಲ್ಲಿ ಜ್ವರದಿಂದ ತೀರಿಕೊಂಡರು.

ಆದರೆ ಬರೀ ಕಿರಿಕಿರಿಗೆ ಯಾರೂ ಯುದ್ಧದ ಹಡಗು ಕಳಿಸುವುದಿಲ್ಲ, ಅಲ್ವಾ? ಅಸಲಿ ವಿಷಯ ದುಡ್ಡು. ಇಂಗ್ಲೆಂಡಿಗೆ ಚಹಾ ಬೇಕು, ಚೀನಾಕ್ಕೆ ಇಂಗ್ಲೆಂಡಿನ ಸರಕು ಅಷ್ಟಾಗಿ ಬೇಡ. ಹಾಗಾಗಿ ಬೆಳ್ಳಿ ಸುರಿಯಬೇಕು. ನಮ್ಮ ಮೈಸೂರು ಸೀಮೆಯ ಗಂಧದ ಕೊರಡು, ಬೊಂಬಾಯಿ ಕಡೆಯ ಹತ್ತಿಗೆ ಕ್ಯಾಂಟನ್ನಿನಲ್ಲಿ ಗಿರಾಕಿ ಇತ್ತು, ಆದರೆ ಅದು ಸಾಲಲಿಲ್ಲ. ಸಾಲಿದ್ದು ಬಿಹಾರ, ಬನಾರಸ್ ಕಡೆಯ ಅಫೀಮು.

ನಿಮ್ಮ ಲೇಖನದಲ್ಲಿ ಪೂರಾ ಬಿಟ್ಟುಹೋಗಿರುವುದು ಇದೇ. ಅಲ್ಲಿನ ರೈತ ಈಸ್ಟ್ ಇಂಡಿಯಾ ಕಂಪನಿಯ ಮುಂಗಡ ತೆಗೆದುಕೊಂಡು ಗಸಗಸೆ ಗಿಡ ಬೆಳೆಯಬೇಕು, ಅದರ ಕಾಯಿಯಿಂದ ಬಂದ ಹಾಲನ್ನೆಲ್ಲ, ಅಫೀಮು ಆಗುವುದು ಅದರಿಂದಲೇ, ಕಂಪನಿಗೇ, ಕಂಪನಿ ಹೇಳಿದ ರೇಟಿಗೇ ಕೊಡಬೇಕು. ಬೇರೆಯವರಿಗೆ ಮಾರಿದರೆ ಅಪರಾಧ. ಅಂದರೆ ಕ್ಯಾಂಟನ್ನಿನಲ್ಲಿ ಒಂದೇ ಬಾಗಿಲು ಅಂತ ಗೋಳಾಡಿದ ಇದೇ ಜನ ಪಾಟ್ನಾದಲ್ಲಿ ಒಂದೇ ಬಾಗಿಲು ಇಟ್ಟು ಅದಕ್ಕೆ ತಾವೇ ಕಾವಲು ಕೂತಿದ್ದರು! ಅಷ್ಟೇ ಅಲ್ಲ, 1833ರ ಕಾಯ್ದೆ ಬರುವ ತನಕ ಬ್ರಿಟನ್ ಮತ್ತು ಚೀನಾ ನಡುವಿನ ಚಹಾ ವ್ಯಾಪಾರವೂ ಕಂಪನಿಯೊಂದರದ್ದೇ. ಇದರಲ್ಲಿ ಮುಕ್ತ ಎಲ್ಲಿ ಬಂತು?

ಚೀನಾ 1729ರಲ್ಲೇ ಅಫೀಮು ಮಾರಾಟಕ್ಕೆ ನಿಷೇಧ ಹಾಕಿತ್ತು. ಅದಕ್ಕೇ ಕಂಪನಿ ಕಲ್ಕತ್ತೆಯಲ್ಲಿ ಹರಾಜು ಮಾಡಿ ಕೈ ತೊಳೆದುಕೊಳ್ಳುತ್ತಿತ್ತು, ಸಾಗಿಸುವ ಕೆಲಸ ಖಾಸಗಿ ವರ್ತಕರದ್ದು. ಅರಬರು ಹೊರಗೆ ಬಿಡದ ಕಾಫಿ ಬೀಜವನ್ನು ಬಾಬಾ ಬುಡನ್ ಏಳೇ ಏಳು ಕಾಳು ತಂದರು ಅನ್ನುವ ಕಥೆ ಕೇಳಿಕೊಂಡೇ ಬೆಳೆದವರು ನಾವು, ಕಟ್ಟುಪಾಡು ಮೀರಿದ್ದಕ್ಕೆಲ್ಲ ನಾನು ಮೂಗು ಮುರಿಯುವುದಿಲ್ಲ. ಆದರೆ ಕಾಫಿ ಬೀಜ ಬೇರೆ, ಅಫೀಮು ಬೇರೆ.

1839ರಲ್ಲಿ ಲಿನ್ ಝೆಶು ಅನ್ನುವ ಅಧಿಕಾರಿ 20,000ಕ್ಕೂ ಜಾಸ್ತಿ ಪೆಟ್ಟಿಗೆ ವಶಪಡಿಸಿಕೊಂಡು, ಕ್ಯಾಂಟನ್ ಹತ್ತಿರದ ಹುಮೆನ್‌ನಲ್ಲಿ ಉಪ್ಪು, ಸುಣ್ಣ ಹಾಕಿ ಕರಗಿಸಿ ಸಮುದ್ರಕ್ಕೆ ಬಿಟ್ಟರು. ಒಂದು ಪೆಟ್ಟಿಗೆ ನಮ್ಮ ಕಾಫಿ ಮೂಟೆಗಿಂತ ತೂಕ, ಸುಮಾರು 60 ಕೆ.ಜಿ. ನೀರು ಕೆಡಿಸುತ್ತಿದ್ದೇನೆ ಅಂತ ಸಮುದ್ರದ ದೇವರಿಗೆ ಮೊದಲೇ ಒಂದು ಪ್ರಾರ್ಥನೆಯನ್ನೂ ಬರೆದಿದ್ದರಂತೆ ಆ ಪುಣ್ಯಾತ್ಮ. ಆಮೇಲೆ ಯುದ್ಧ, 1842ರಲ್ಲಿ ನಾನ್‌ಜಿಂಗ್ ಒಪ್ಪಂದ. ಹಾಂಗ್‌ಕಾಂಗ್ ಹೋಯಿತು, ಐದು ಬಂದರು ತೆರೆಯಬೇಕಾಯಿತು, 2 ಕೋಟಿ 10 ಲಕ್ಷ ಡಾಲರ್ ದಂಡ. ಅದರಲ್ಲಿ 60 ಲಕ್ಷ, ಕರಗಿಸಿದ ಅಫೀಮಿನ ಬೆಲೆ. ಕಳ್ಳಮಾಲಿಗೂ ಪರಿಹಾರ!

ಇನ್ನೊಂದು ಮಾತು. ಲೇಖನದ ಉದ್ದಕ್ಕೂ 'ಬ್ರಿಟಿಷ್ ಸೈನಿಕರು' ಅಂತಲೇ ಇದೆ. 1841ರ ಮೇ ತಿಂಗಳಲ್ಲಿ ಕ್ಯಾಂಟನ್ ಹತ್ತಿರ ಸಾನ್ಯುವಾನ್‌ಲಿಯಲ್ಲಿ ಮಳೆಗೆ ಸಿಕ್ಕಿ, ಬಂದೂಕು ಒದ್ದೆಯಾಗಿ, ದೊಣ್ಣೆ ಭರ್ಜಿ ಹಿಡಿದ ಹಳ್ಳಿಯವರ ನಡುವೆ ಸಿಕ್ಕಿಬಿದ್ದದ್ದು 37ನೇ ಮದ್ರಾಸ್ ರೆಜಿಮೆಂಟಿನ ತುಕಡಿ. ಆ ಸಿಪಾಯಿಗಳು ನಮ್ಮ ದಕ್ಷಿಣದವರು.

ಎರಡನೇ ಕಂತು ಮುಂದಿನ ಭಾನುವಾರ ಅಂತ ಹಾಕಿದ್ದೀರಿ. ಅದರಲ್ಲಿ ಪಾಟ್ನಾದ ರೈತನಿಗೂ ಮದ್ರಾಸಿನ ಸಿಪಾಯಿಗೂ ಒಂದೊಂದು ಪ್ಯಾರಾ ಆದರೂ ಕೊಡಿ.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ