ಅಂತರಜಾಲದ ಮೊದಲ ಜಗಲಿ ಮತ್ತು ಅಲ್ಲಿಗೆ ಬಾರದ ಕರಾವಳಿಗರು

ಪ್ರಿಯ ಓದುಗರೇ,

ಮಂಗಳೂರು, ಉಡುಪಿ ಕಡೆಯಿಂದ ಹೊರಟು ಬೇರೆ ಬೇರೆ ದೇಶಗಳಲ್ಲಿ ನೆಲೆಸಿರುವ ನಾವು ಇಂದು ಯಕ್ಷಗಾನದ ಆಟವನ್ನು ನೇರ ಪ್ರಸಾರದಲ್ಲಿ ನೋಡುತ್ತೇವೆ, ಊರಿನ ಸಾವು-ನೋವಿನ ಸುದ್ದಿಯನ್ನು ಊರಿನವರಷ್ಟೇ ಬೇಗ ತಿಳಿಯುತ್ತೇವೆ. ಇದಕ್ಕೂ ಮೊದಲು ದಕ್ಷಿಣ ಏಷ್ಯಾದ ವಲಸಿಗರು ಕಂಪ್ಯೂಟರಿನ ಪರದೆಯ ಮೇಲೆ ಕಟ್ಟಿಕೊಂಡಿದ್ದ ಚರ್ಚೆಯ ಜಗಲಿಯೊಂದಿತ್ತು. ಅದರ ಇತಿಹಾಸ ಬರೆಯಲು ಹೊರಡುವವರು ಅಲ್ಲಿ ಕುಳಿತವರ ಜೊತೆಗೆ ಅಲ್ಲಿಗೆ ಬರಲಾರದೆ ಹೋದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆ ಜಗಲಿ ಇದ್ದದ್ದು ಯೂಸ್‌ನೆಟ್‌ನಲ್ಲಿ. ವಿಷಯವಾರು ಗುಂಪುಗಳಲ್ಲಿ ಚರ್ಚಿಸುವ ಈ ಸಂದೇಶ ವ್ಯವಸ್ಥೆ 1980ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಎರಡು ವಿಶ್ವವಿದ್ಯಾಲಯಗಳ ನಡುವೆ ಆರಂಭವಾಯಿತು. 1987ರಲ್ಲಿ ಅದರ ಗುಂಪುಗಳನ್ನೆಲ್ಲ ಮರುವಿಂಗಡಿಸಿದ ಬಳಿಕ ಭಾರತೀಯರ ಹರಟೆಯ ಕೇಂದ್ರವಾದದ್ದು ‘ಸೋಕ್.ಕಲ್ಚರ್.ಇಂಡಿಯನ್’. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾದ ಹೆಸರಿನಲ್ಲೂ ಗುಂಪುಗಳಿದ್ದವು. ಮುಂದೆ ಕರ್ನಾಟಕದ ಹೆಸರಿನದೂ ಬಂತು. ವೀಸಾ, ಅಗ್ಗದ ವಿಮಾನ ಟಿಕೆಟ್, ಕ್ರಿಕೆಟ್ಟಿನ ಅಂಕಗಳು, ಬಾಡಿಗೆ ಕೋಣೆ ಹಂಚಿಕೊಳ್ಳುವವರ ಹುಡುಕಾಟ, ಇವುಗಳ ಪಕ್ಕದಲ್ಲೇ ರಾಜಕೀಯದ ತೀವ್ರ ಜಗಳಗಳೂ ನಡೆಯುತ್ತಿದ್ದವು. ಗಡಿಯ ಆಚೀಚಿನವರು ನೇರವಾಗಿ ವಾದಕ್ಕಿಳಿಯಲು ಅಲ್ಲಿ ಸಾಧ್ಯವಾಯಿತು. ಆ ಜಗಳಗಳನ್ನು ಬರಿಯ ಕಾಲಹರಣವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಆದರೆ ಅಲ್ಲಿ ಕನ್ನಡ ಲಿಪಿಗೆ ಎಡೆಯಿರಲಿಲ್ಲ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸಲು ಬಳಸುತ್ತಿದ್ದ ಆಸ್ಕಿ ಸಂಕೇತಗಳ 128 ಸ್ಥಾನಗಳಲ್ಲಿ ರೋಮನ್ ಅಕ್ಷರಗಳು, ಅಂಕಿಗಳು, ಚಿಹ್ನೆಗಳು ಮಾತ್ರ ಇದ್ದುದರಿಂದ ಕನ್ನಡಿಗರು ತಮ್ಮ ನುಡಿಯನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಾಗಿತ್ತು. ‘ಣ’, ‘ಳ’ಗಳಿಗೆ ದೊಡ್ಡಕ್ಷರ ಬಳಸುವ ರೂಢಿಯೂ ಬೆಳೆಯಿತು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ದುಡಿದವರಲ್ಲಿ ಮುಖ್ಯರಾದ ಕೆ.ಪಿ. ರಾಯರು ನಮ್ಮ ಮಂಗಳೂರು ಸಮೀಪದ ಕಿನ್ನಿಕಂಬಳದವರೆಂಬುದನ್ನು ಇಲ್ಲಿ ನೆನೆಯಲೇಬೇಕು. ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡದ ಅಕ್ಷರಗಳನ್ನೆಲ್ಲ ಹೊಂದಿಸಿದ ಅವರ ವಿನ್ಯಾಸವೇ ಮುಂದೆ ಸರ್ಕಾರ ಒಪ್ಪಿದ ‘ನುಡಿ’ ಕೀಲಿಮಣೆಗೆ ಆಧಾರವಾಯಿತು. 1998ರಲ್ಲಿ ‘ಬರಹ’ ತಂತ್ರಾಂಶ ಬಂದ ಮೇಲೆ ಹೊರನಾಡಿನ ಕನ್ನಡಿಗರ ಮನೆಗಳಲ್ಲೂ ಕನ್ನಡದ ಬೆರಳಚ್ಚು ಸಲೀಸಾಯಿತು.

ಲಿಪಿಗಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಆ ಗುಂಪುಗಳಲ್ಲಿ ಬರೆಯುತ್ತಿದ್ದವರು ಬಹುಪಾಲು ಅಮೆರಿಕದ ವಿದ್ಯಾರ್ಥಿಗಳು, ಸಂಶೋಧಕರು ಮತ್ತು ಕಂಪ್ಯೂಟರ್ ಕಂಪನಿಗಳ ಎಂಜಿನಿಯರುಗಳು. ಕರಾವಳಿಯಿಂದ ಹೊರಟವರಲ್ಲಿ ಎಷ್ಟೋ ಮಂದಿ ದುಬೈ, ಕುವೈತ್, ಬಹರೇನ್, ಮಸ್ಕತ್‌ಗಳ ಅಂಗಡಿ, ಹೋಟೆಲು, ಕಟ್ಟಡದ ಕೆಲಸಗಳಲ್ಲಿದ್ದರು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದೇ 1995ರ ಆಗಸ್ಟ್ 15ರಂದು. ಎಮಿರೇಟ್ಸ್‌ನಲ್ಲೂ ಅದು ಶುರುವಾದದ್ದು ಅದೇ ವರ್ಷ. ಕೊಲ್ಲಿಯ ನಮ್ಮವರ ಸಂಪರ್ಕ ನಡೆದದ್ದು ಅಂಚೆಯ ಪತ್ರ, ದುಬಾರಿ ದೂರವಾಣಿ ಕರೆ, ರಜೆಗೆ ಹೊರಟವರ ಕೈಗೆ ಕೊಟ್ಟ ಧ್ವನಿಸುರುಳಿಗಳ ಮೂಲಕ. ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನ 2006ರವರೆಗೂ ಇರಲಿಲ್ಲವಾದ್ದರಿಂದ ಅವು ಹೆಚ್ಚಾಗಿ ಮುಂಬಯಿ ದಾರಿಯಾಗಿಯೇ ಊರು ಸೇರುತ್ತಿದ್ದವು. ಗಣಕದ ದಾಖಲೆಯೊಂದನ್ನೇ ನೆಚ್ಚಿ ವಲಸೆಯ ಚರಿತ್ರೆ ಬರೆದರೆ ಇವರೆಲ್ಲ ಇರಲೇ ಇಲ್ಲವೆಂದಾಗುತ್ತದೆ.

ಗಣಕದ ದಾಖಲೆಯೂ ಶಾಶ್ವತವಲ್ಲ. ಯೂಸ್‌ನೆಟ್‌ನ ಹಳೆಯ ಸಂಗ್ರಹವೊಂದನ್ನು 2001ರಲ್ಲಿ ಗೂಗಲ್ ಕೊಂಡುಕೊಂಡದ್ದರಿಂದ ಆ ಮಾತುಗಳು ಒಂದಿಷ್ಟು ಉಳಿದವು. ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ 2014ರಲ್ಲಿ ಮುಚ್ಚಿತು. ಎಷ್ಟೋ ಸಂಘಟನೆಗಳು ತಮ್ಮ ಪತ್ರವ್ಯವಹಾರಕ್ಕೆ ನೆಚ್ಚಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ಇಲ್ಲವಾಯಿತು.

ಆದ್ದರಿಂದ ನಮ್ಮ ಸಂಘದ ಸದಸ್ಯರಲ್ಲಿ ಒಂದು ವಿನಂತಿ. ಹಳೆಯ ಚರ್ಚೆಗಳ ಮುದ್ರಿತ ಪ್ರತಿಗಳು, ಸಂಘದ ಆರಂಭದ ಸುತ್ತೋಲೆಗಳು, ಅವುಗಳಷ್ಟೇ ಮುಖ್ಯವಾಗಿ ಕೊಲ್ಲಿಯಿಂದ ಊರಿಗೆ, ಊರಿನಿಂದ ಕೊಲ್ಲಿಗೆ ಹೋದ ಕಾಗದಗಳು ಹಾಗೂ ಧ್ವನಿಸುರುಳಿಗಳು ನಿಮ್ಮಲ್ಲಿದ್ದರೆ ಸಂಪಾದಕ ಮಂಡಳಿಗೆ ತಿಳಿಸಿ. ಮೂಲವನ್ನು ನಾವು ಇಟ್ಟುಕೊಳ್ಳುವುದಿಲ್ಲ, ಪ್ರತಿ ಮಾಡಿಕೊಂಡು ಹಿಂದಿರುಗಿಸುತ್ತೇವೆ; ಮನೆಯ ಖಾಸಗಿ ವಿವರಗಳನ್ನು ಕಳುಹಿಸಿದವರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಪ್ರಕಟಿಸುವುದಿಲ್ಲ.

— ಸಂಪಾದಕ